ಬೈಯುವ ಒಳದನಿಯನ್ನು ನಂಬಬೇಕೇ?

ತಂದೆಯವರು ತೀರಿಕೊಂಡ ಮೇಲೆ ಯಾವ ತೀರ್ಮಾನ ಕೈಗೊಂಡರೂ ಒಳಗೊಂದು ದನಿ ‘ತಪ್ಪು ಮಾಡಿದೆ’ ಎನ್ನುತ್ತದೆ, ಇನ್ನೊಂದು ಸಮಾಧಾನ ಹೇಳುತ್ತದೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಎರಡನ್ನೂ ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು. ಆದರೆ ಕೇಳಿಸಿಕೊಳ್ಳುವುದು ಬೇರೆ, ಹೇಳಿದಂತೆ ನಡೆಯುವುದು ಬೇರೆ.

ನನ್ನ ತಾಯಿಯನ್ನು ಜ್ವರ ಬಂದ ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದೆ, ಅವರು ಉಳಿಯಲಿಲ್ಲ. ಎರಡನೆಯ ದಿನವೇ ಸೇರಿಸಬೇಕಿತ್ತು ಎಂಬ ಮಾತು ಒಂದೂವರೆ ವರ್ಷ ನನ್ನೊಳಗೆ ಬಿಡದೆ ನಡೆಯಿತು. ಕೊನೆಕೊನೆಗೆ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಪಕ್ಕದವರ ಮುಖ ನೋಡುವಷ್ಟು ನನ್ನ ಮೇಲಿನ ನಂಬಿಕೆ ಹೊರಟುಹೋಗಿತ್ತು. ಆಗ ನಾನು ಭೇಟಿಯಾದ ಆಪ್ತಸಮಾಲೋಚಕಿ ಸಮಾಧಾನ ಹೇಳಲಿಲ್ಲ. ಆ ದನಿ ಆಡುವ ಮಾತುಗಳನ್ನು ಒಂದು ವಾರ ಇದ್ದುದು ಇದ್ದಂತೆ ನೋಟ್‌ಪುಸ್ತಕದಲ್ಲಿ ಬರೆಯಲು ಹೇಳಿ, ಅದಕ್ಕೆ ಎಷ್ಟು ವಯಸ್ಸಿರಬಹುದು ಎಂದು ಮಾತ್ರ ಕೇಳಿದರು.

ಬರೆದದ್ದನ್ನು ಓದಿದಾಗ ಒಂದೇ ಪುಟದಲ್ಲಿ ‘ನಿನ್ನ ಕೈಗೆ ಕೊಟ್ಟರೆ ಇಷ್ಟೇ’ ಎಂಬ ಮಾತು ನಾಲ್ಕು ಬಾರಿ ಇತ್ತು. ಎಂಟು ವರ್ಷದವಳಿದ್ದಾಗ ಸೊಸೈಟಿಯಿಂದ ತರುತ್ತಿದ್ದ ಸೀಮೆಎಣ್ಣೆ ಬಾಟಲಿಯನ್ನು ಮನೆಯ ಮೆಟ್ಟಿಲ ಮೇಲೆ ಬೀಳಿಸಿದ್ದೆ. ಲಂಗದ ತುಂಬ ವಾಸನೆ ಹೊತ್ತು ನಿಂತಿದ್ದಾಗ ಮನೆಯ ಹಿರಿಯರು ಆಡಿದ ಮಾತು ಅದು. ತಾಯಿಯ ಸಾವಿನ ತೀರ್ಪು ಕೊಡುತ್ತಿದ್ದುದು ಆ ಮೆಟ್ಟಿಲ ಮೇಲಿನ ಹುಡುಗಿಯ ಹೆದರಿಕೆ ಎಂದು ತಿಳಿದ ದಿನ ನಾನು ಬಹಳ ಹೊತ್ತು ಅತ್ತೆ.

ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ ಎಂಬ ಕುಟುಂಬ ಚಿಕಿತ್ಸಕರು 1980ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮವು ಇಂಥ ದನಿಗಳನ್ನು ಒಂದೇ ಮನಸ್ಸಿನ ಬೇರೆಬೇರೆ ಭಾಗಗಳೆಂದು ಕಾಣುತ್ತದೆ, ಅವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ ಎನ್ನುತ್ತದೆ. ಬೈಯುವ ದನಿಯೂ ನಮ್ಮನ್ನು ಯಾವುದೋ ಹಳೆಯ ನೋವಿನಿಂದ ಕಾಯಲು ಹೊರಟದ್ದೇ. ಆದ್ದರಿಂದ ಅದರ ಬಾಯಿ ಮುಚ್ಚಿಸಲು ಹೋಗಬೇಡಿ, ನೀನು ಯಾವುದಕ್ಕೆ ಹೆದರಿದ್ದೀಯೆ ಎಂದು ಕೇಳಿ. ನಿಮ್ಮ ಹೆಸರನ್ನೇ ಹಿಡಿದು ಕರೆದು ಮಾತನಾಡಿಸಿಕೊಳ್ಳುವುದೂ ಒಳ್ಳೆಯದು. ಹಾಗೆ ಮಾಡಿದವರಲ್ಲಿ ತಳಮಳ ಕಡಿಮೆಯಾದದ್ದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ಇನ್ನು ಗುರುತಿಸುವ ಬಗೆ. ಹೆದರಿದ ದನಿಗೆ ಸದಾ ಅವಸರ, ಅದು ‘ಯಾವಾಗಲೂ’, ‘ಎಂದಿಗೂ’ ಎಂಬ ಮಾತುಗಳಲ್ಲೇ ಆಡುತ್ತದೆ ಮತ್ತು ನನಗೆ ಗಂಟಲಲ್ಲಿ ಬಿಗಿದುಕೊಳ್ಳುತ್ತದೆ. ನಂಬಬಹುದಾದ ದನಿ ಎದುರಿಗಿರುವ ಒಂದೇ ಸಂಗತಿಯ ಬಗ್ಗೆ, ಕಡಿಮೆ ಮಾತಿನಲ್ಲಿ ಹೇಳುತ್ತದೆ. ಅದೂ ಒಮ್ಮೊಮ್ಮೆ ತಪ್ಪಬಹುದು, ಹಣ ಮತ್ತು ಆರೋಗ್ಯದ ವಿಷಯದಲ್ಲಿ ತಿಳಿದವರನ್ನು ಕೇಳಲೇಬೇಕು. ನನ್ನ ನಂಬಿಕೆ ಮರಳಿದ್ದು ಸಣ್ಣ ಮಾತುಗಳನ್ನು ಉಳಿಸಿಕೊಂಡದ್ದರಿಂದ: ಸಂಜೆ ಹತ್ತು ನಿಮಿಷ ನಡೆಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡರೆ ನಡೆದುಬಿಡುವುದು, ಅಷ್ಟೇ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದನಿ ಹೊರಗಿನಿಂದ ಕಿವಿಗೆ ಬಿದ್ದಂತೆ ಕೇಳಿಸಿದರೆ, ಅಥವಾ ನಿಮಗಾಗಲಿ ಇತರರಿಗಾಗಲಿ ಹಾನಿ ಮಾಡಲು ಹೇಳಿದರೆ, ಪುಸ್ತಕದಲ್ಲಿ ಬರೆಯುತ್ತಾ ಕೂರದೆ ಮನೋವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಕಳೆದ ತಿಂಗಳು ಮಗನಿಗೆ ಜ್ವರ ಬಂದಾಗ ಎರಡನೆಯ ದಿನವೇ ವೈದ್ಯರ ಬಳಿ ಕರೆದೊಯ್ದಿದ್ದೆ. ಬೆಂಚಿನ ಮೇಲೆ ಕುಳಿತಾಗ ಆ ದನಿ ‘ತಡವಾಯಿತು’ ಎಂದಿತು. ‘ಬಂದಿದ್ದೇವಲ್ಲ, ನೀನೂ ಇಲ್ಲೇ ಕುಳಿತುಕೋ’ ಎಂದೆ. ನಮ್ಮ ಟೋಕನ್ ಸಂಖ್ಯೆ ಕರೆಯುವವರೆಗೂ ಅದು ಮತ್ತೆ ಮಾತನಾಡಲಿಲ್ಲ.