ಚರ್ಮ ಕತ್ತರಿಸದೆ ಲೇಸರ್‌ನಿಂದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಪತ್ತೆ ಮಾಡುವುದು ಹೇಗೆ?

ಕಾನ್ಫೋಕಲ್ ಲೇಸರ್ ಮೈಕ್ರೋಸ್ಕೋಪ್ ಮಚ್ಚೆಯೊಳಗಿನ ಜೀವಕೋಶಗಳನ್ನೇ ತೋರಿಸುತ್ತದೆ. ಸುಮಾರು 830 ನ್ಯಾನೋಮೀಟರ್‌ನ, ಕಣ್ಣಿಗೆ ಕಾಣದ ಲೇಸರ್ ಬೆಳಕು ಚರ್ಮದೊಳಗೆ ಹೋಗಿ ಪ್ರತಿಫಲಿಸುತ್ತದೆ. ವಾಪಸು ಬರುವಾಗ ಒಂದು ಸಣ್ಣ ರಂಧ್ರವು ಗುರಿಯಿಟ್ಟ ಆಳದಿಂದ ಬಂದ ಬೆಳಕನ್ನು ಮಾತ್ರ ಒಳಬಿಡುತ್ತದೆ. ಚಿತ್ರ ಸ್ಪಷ್ಟವಾಗುವುದು ಅದರಿಂದಲೇ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಈ ಬೆಳಕನ್ನು ಜೋರಾಗಿ ಹಿಂದಕ್ಕೆ ಚದುರಿಸುತ್ತದೆ. ಹಾಗಾಗಿ ಅದನ್ನು ತಯಾರಿಸುವ ಕೋಶಗಳು ಪರದೆಯ ಮೇಲೆ ಕಪ್ಪಗಲ್ಲ, ಬೆಳ್ಳಗೆ ಹೊಳೆಯುತ್ತವೆ. ಅವು ಮೇಲ್ಚರ್ಮದ ತಳದಲ್ಲಿರಬೇಕಾದವು. ದೊಡ್ಡದಾಗಿ, ದುಂಡಗಾಗಿ, ಮೇಲಿನ ಪದರಗಳಲ್ಲೂ ಚೆಲ್ಲಾಪಿಲ್ಲಿಯಾಗಿ ಕಂಡರೆ ಮೆಲನೋಮಾದ ಅನುಮಾನ ಬಲವಾಗುತ್ತದೆ.

ಈ ನೋಟ ಕಾಲು ಮಿಲಿಮೀಟರ್‌ಗಿಂತ ಆಳಕ್ಕೆ ಅಷ್ಟಾಗಿ ಇಳಿಯದು. ಆದರೆ ಮೆಲನೋಮಾ ಸಾಮಾನ್ಯವಾಗಿ ಶುರುವಾಗುವುದೂ ಅಷ್ಟರೊಳಗೇ. ಖಚಿತಪಡಿಸಲು ಬಯಾಪ್ಸಿ, ಅಂದರೆ ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆ, ಬೇಕೇ ಬೇಕು. ಯಾವ ಮಚ್ಚೆಗೆ ಅದು ಬೇಡ ಎನ್ನುವುದನ್ನು ತಿಳಿಯಲು ಈ ಯಂತ್ರ ನೆರವಾಗುತ್ತದೆ.