ಸಕ್ಕರೆ ಕುಸಿದವರು ಎದ್ದು ಕುಳಿತ ಮೇಲೂ ಆಸ್ಪತ್ರೆ ಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಏಕಾದಶಿಯಂದು ಉಪವಾಸವಿದ್ದರೂ ಮಾತ್ರೆ ನುಂಗಿದ್ದರು. ಮಧ್ಯಾಹ್ನ ಮೈಯೆಲ್ಲ ಬೆವರಿ, ಮಾತು ತೊದಲಿ, ಪ್ರಜ್ಞೆ ತಪ್ಪಿತು. ಲಕ್ವ ಹೊಡೆದಿದೆ ಎಂದುಕೊಂಡೆವು. ನೆರೆಯವರು ಬಾಯಿಗೆ ಸಕ್ಕರೆ ನೀರು ಹಾಕಿದರು. 108ರ ಸಿಬ್ಬಂದಿ ಬಂದು ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 38 ಇತ್ತು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಎದ್ದು ಕುಳಿತು ಮಾತನಾಡಿದರು. ಆದರೂ ಆಸ್ಪತ್ರೆಗೆ ಕರೆದೊಯ್ದರು, ಅಲ್ಲಿ ರಾತ್ರಿಯಿಡೀ ಇರಿಸಿಕೊಂಡರು. ಇದು ಅಗತ್ಯವಿತ್ತೇ?
– ಓದುಗರು, ಶಿರಸಿ

ಉತ್ತರ: ಖಂಡಿತ ಅಗತ್ಯವಿತ್ತು. ಆ ಸಿಬ್ಬಂದಿ ಹಟ ಹಿಡಿದದ್ದು ನಿಮ್ಮ ತಾಯಿಯವರ ಪುಣ್ಯ.

ರಕ್ತನಾಳಕ್ಕೆ ಕೊಟ್ಟ ಗ್ಲೂಕೋಸ್ ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಖರ್ಚಾಗುತ್ತದೆ. ಗ್ಲಿಮೆಪಿರೈಡ್ ಹಾಗಲ್ಲ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಅದರ ಕೆಲಸ ಒಂದು ದಿನದವರೆಗೂ ನಡೆಯುತ್ತದೆ. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಇನ್ನೂ ಹೆಚ್ಚು ಹೊತ್ತು. ಸಂಜೆ ಚೆನ್ನಾಗಿ ಮಾತನಾಡಿ ಮಲಗಿದವರ ಸಕ್ಕರೆ ನಡುರಾತ್ರಿ ಮತ್ತೆ ಕುಸಿಯಬಹುದು. ಮನೆಯವರು ನಿದ್ದೆ ಎಂದುಕೊಳ್ಳುತ್ತಾರೆ, ಮಿದುಳಿಗೆ ಹಾನಿಯಾಗುತ್ತಿರುತ್ತದೆ. ಆಸ್ಪತ್ರೆಯಲ್ಲಿ ಗಂಟೆಗಂಟೆಗೂ ಬೆರಳು ಚುಚ್ಚಿ ನೋಡುವುದು ಇದಕ್ಕಾಗಿಯೇ.

ಲಕ್ವ ಎಂದು ನಿಮಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಸಕ್ಕರೆ ತೀರಾ ಇಳಿದಾಗ ಮಾತು ತೊದಲುತ್ತದೆ, ಕೆಲವರಿಗೆ ಒಂದು ಕೈಯೇ ಸೋಲುತ್ತದೆ. ಆದ್ದರಿಂದಲೇ ತರಬೇತಾದವರು ಮೊದಲು ಉಸಿರಾಟ, ನಾಡಿ ನೋಡಿ, ತಡಮಾಡದೆ ಸಕ್ಕರೆ ಪರೀಕ್ಷಿಸುತ್ತಾರೆ. ಸಕ್ಕರೆ ಸರಿಯಿದ್ದು ತೊದಲು ಉಳಿದರೆ ಆಗ ಲಕ್ವದ ದಾರಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಾಗಾಗಿ ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಸಿಬ್ಬಂದಿಗೆ ಹೇಳಿ.

ನೆರೆಯವರು ಮಾಡಿದ್ದು ಮಾತ್ರ ಅಪಾಯದ ಕೆಲಸ. ಪ್ರಜ್ಞೆಯಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕಾಳಜಿಯಿಂದಲೇ ಹೀಗೆ ಮಾಡುತ್ತಾರೆ, ಆದರೂ ಕೈ ಹಿಡಿದು ತಡೆಯಿರಿ. ಉಸಿರಾಡುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಗದ್ದವನ್ನು ಸ್ವಲ್ಪ ಮೇಲಕ್ಕೆತ್ತಿ, ಬಾಯಿಯ ಜೊಲ್ಲು ಹೊರಗೆ ಹರಿಯಲು ಬಿಡಿ. 108ಕ್ಕೆ ಕರೆ ಮಾಡಿ, ಉಸಿರಾಟದ ಮೇಲೆ ಕಣ್ಣಿಟ್ಟಿರಿ. ಉಸಿರು ನಿಂತರೆ ಎದೆ ಒತ್ತಲು ಶುರು ಮಾಡಬೇಕು.

ಎಚ್ಚರವಿದ್ದು, ನುಂಗಬಲ್ಲವರಾದರೆ ಮಾತು ಬೇರೆ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಸುಮಾರು 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ನಿಮ್ಮ ತಾಯಿಯವರ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಓದಿ: ಗ್ಲಿಮೆಪಿರೈಡ್ ಜೊತೆಗೆ ವೋಗ್ಲಿಬೋಸ್ ಎಂದೂ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಜೀರ್ಣವಾಗದು. ಅಂಥವರ ಮನೆಯಲ್ಲಿ ಔಷಧ ಅಂಗಡಿಯ ಗ್ಲೂಕೋಸ್ ಪುಡಿಯೇ ಇರಬೇಕು.

ಉಪವಾಸ ಬಿಡಿ ಎಂದು ನಾನು ಹೇಳುವುದಿಲ್ಲ. ಮುಂದಿನ ಏಕಾದಶಿಗೆ ಮೊದಲು ವೈದ್ಯರನ್ನು ಕಂಡು, ಆ ದಿನ ಯಾವ ಮಾತ್ರೆ, ಎಷ್ಟು ಎಂದು ಬರೆಸಿಕೊಳ್ಳಿ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆಯನ್ನೂ ಅದೇ ಭೇಟಿಯಲ್ಲಿ ಮಾಡಿಸಿ. ಮೂತ್ರಪಿಂಡ ಕುಗ್ಗಿದ್ದರೆ ಮಾತ್ರೆಯನ್ನೇ ಬದಲಿಸಬೇಕಾಗಬಹುದು.