ಸಾಲಕ್ಕೆ ಸಹಿ ಬೀಳುವ ಮೊದಲು

ಓದುಗರ ಪತ್ರದಿಂದ: "ನಮ್ಮ ಬೀದಿಯಲ್ಲಿ ಒಂದು ಮರಗೆಲಸದ ಕಾರ್ಖಾನೆ ಇದೆ. ನಾವು ಮನೆ ಕಟ್ಟುವ ಮೊದಲೇ ಅದು ಅಲ್ಲಿತ್ತು. ಮಾಲೀಕರು ಒಳ್ಳೆಯವರು. ಈಗ ಪಕ್ಕದ ಖಾಲಿ ಜಾಗ ತೆಗೆದುಕೊಂಡು ಯಂತ್ರಗಳನ್ನು ಎರಡು ಪಟ್ಟು ಮಾಡಲು ಹೊರಟಿದ್ದಾರೆ. ಬೀದಿಯ ಹುಡುಗರಿಗೆ ಕೆಲಸ ಸಿಗುವ ಆಸೆ. ಗೋಡೆಗೆ ಅಂಟಿಕೊಂಡ ಮನೆಯ ವಯಸ್ಸಾದ ದಂಪತಿಗೆ ಸದ್ದು, ದೂಳಿನ ಭಯ. ಇದೇ ಕೆಲಸ ಸಣ್ಣದಾಗಿ ಮಾಡುವ ಇಬ್ಬರು ಬಡಗಿಗಳಿಗೆ ಹೊಟ್ಟೆಪಾಡಿನ ಚಿಂತೆ. ಒಪ್ಪಿಗೆ ಪತ್ರಕ್ಕೆ ಎಲ್ಲರ ಸಹಿ ಹಾಕಿಸಿಕೊಡಿ ಎಂದು ಮಾಲೀಕರು ನನ್ನನ್ನೇ ಕೇಳಿದ್ದಾರೆ. ಯಾರ ಮಾತು ಕೇಳಿದರೂ ಅವರೇ ಸರಿ ಅನ್ನಿಸುತ್ತದೆ. ನಾನು ಯಾರ ಪರ ನಿಲ್ಲಲಿ?" (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಆತ್ಮೀಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಯಾರನ್ನೂ ಕೆಟ್ಟವರನ್ನಾಗಿ ಮಾಡದೆ ಬರೆದಿದ್ದೀರಿ. ಇಂಥ ವಿಷಯದಲ್ಲಿ ಅದು ಸುಲಭ ಅಲ್ಲ.

ಯಾರ ಪರ ನಿಲ್ಲಲಿ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಮಾಲೀಕರನ್ನು ಒಂದು ಮಾತು ಕೇಳಿ ಬನ್ನಿ. ಸಾಲದ ಕಾಗದಕ್ಕೆ ಸಹಿ ಹಾಕಿ ಆಯ್ತಾ? ಯಂತ್ರಗಳಿಗೆ ಮುಂಗಡ ಕೊಟ್ಟು ಆಯ್ತಾ?

ಅದು ಅವರ ಸ್ವಂತ ವಿಷಯ, ನಮಗ್ಯಾಕೆ ಅನ್ನಿಸಬಹುದು. ಆದರೆ ಇಡೀ ಜಗಳದ ಬೇರು ಅಲ್ಲೇ ಇದೆ. ಸಾಲ ತೆಗೆದುಕೊಂಡ ಮೇಲೆ ಕಂತು ಶುರುವಾಗುತ್ತದೆ. ಯಂತ್ರ ಓಡಿದರೂ ಕಂತು ಕಟ್ಟಬೇಕು, ನಿಂತರೂ ಕಟ್ಟಬೇಕು. ಹಗಲು ಮಾತ್ರ ಓಡಿಸಿದರೆ ಕಂತಿನ ದುಡ್ಡು ಹುಟ್ಟುವುದಿಲ್ಲ ಎಂದಾದಾಗ ಎರಡನೇ ಪಾಳಿ ಬರುತ್ತದೆ. ಎರಡನೇ ಪಾಳಿ ಎಂದರೆ ರಾತ್ರಿಯ ಸದ್ದು, ರಾತ್ರಿಯ ಲಾರಿ. ಆಗ ಹೋಗಿ "ಸ್ವಲ್ಪ ನಿಲ್ಲಿಸಿ" ಎಂದರೆ ಎಷ್ಟೇ ಒಳ್ಳೆಯವರಾದರೂ ನಿಲ್ಲಿಸಲಾರರು. ಅವರ ಕೈ ಕಟ್ಟಿಹೋಗಿರುತ್ತದೆ.

ಅದೇ ಮಾತನ್ನು ಸಹಿಗೆ ಮೊದಲು ಆಡಿ ನೋಡಿ. ಸದ್ದು ಮಾಡುವ ಯಂತ್ರ ದಂಪತಿಯ ಗೋಡೆಯಿಂದ ದೂರದ ಮೂಲೆಗೆ ಹೋಗಬಹುದು. ಲಾರಿ ನಿಲ್ಲುವ ಬಾಗಿಲು ಇನ್ನೊಂದು ಕಡೆ ತಿರುಗಬಹುದು. ದೂಳು ಹೀರುವ ಯಂತ್ರದ ಖರ್ಚು ಸಾಲದ ಲೆಕ್ಕದೊಳಗೇ ಸೇರಬಹುದು. ನಕ್ಷೆ ಕಾಗದದ ಮೇಲಿರುವಾಗ ಇದೆಲ್ಲ ಪೆನ್ಸಿಲ್ಲಿನಲ್ಲಿ ಮುಗಿಯುವ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಕೋರ್ಟಿಗೆ ಹೋಗುವ ಕೆಲಸ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸದ್ಯ ಯಾರ ಸಹಿಯನ್ನೂ ಹಾಕಿಸಬೇಡಿ. ಮೊದಲು ನಕ್ಷೆ ತರಿಸಿಕೊಳ್ಳಿ.

"ನಾವು ಮನೆ ಕಟ್ಟುವ ಮೊದಲೇ ಅದು ಅಲ್ಲಿತ್ತು" ಎಂದು ಬರೆದಿದ್ದೀರಿ. ಆ ವಾಕ್ಯ ನಿಮ್ಮನ್ನು ಚುಚ್ಚುತ್ತಿದೆ ಅನ್ನಿಸಿತು. ಮೊದಲು ಬಂದವರಿಗೆ ಹಕ್ಕು ಜಾಸ್ತಿ ಅಲ್ವಾ ಎನ್ನುವ ಅಳುಕು. ಇದಕ್ಕೆ ಲಂಡನ್ನಿನ ಒಂದು ಹಳೆಯ ಮೊಕದ್ದಮೆ ಹೇಳುತ್ತೇನೆ. ಸಿಹಿ ತಿನಿಸು ತಯಾರಿಸುವವನೊಬ್ಬ ತನ್ನ ಅಡುಗೆಮನೆಯಲ್ಲಿ 20 ವರ್ಷಕ್ಕೂ ಹೆಚ್ಚು ಕಾಲದಿಂದ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದ. ಹಿಂದಿನ ಮನೆಗೆ ವೈದ್ಯರೊಬ್ಬರು ಬಂದರು. ಎಂಟು ವರ್ಷ ಯಾರಿಗೂ ತೊಂದರೆ ಇರಲಿಲ್ಲ. ಆಮೇಲೆ ವೈದ್ಯರು ತೋಟದ ಕೊನೆಯಲ್ಲಿ, ಸರಿಯಾಗಿ ಆ ಅಡುಗೆಮನೆಯ ಗೋಡೆಗೆ ತಾಗಿ, ರೋಗಿಗಳನ್ನು ನೋಡಲು ಒಂದು ಕೋಣೆ ಕಟ್ಟಿಸಿದರು. ಒರಳಿನ ಸದ್ದಿನಲ್ಲಿ ರೋಗಿಯ ಎದೆಗೆ ಕಿವಿಗೊಡುವುದೇ ಕಷ್ಟವಾಯಿತು. ಗಮನಿಸಿ, ಇಲ್ಲಿ ಜಾಗ ವಿಸ್ತರಿಸಿದ್ದು ವೈದ್ಯರು, ಮೊದಲಿನಿಂದ ಇದ್ದದ್ದು ಒರಳು. ಆದರೂ 1879ರಲ್ಲಿ ಕೋರ್ಟ್ ವೈದ್ಯರ ಪರ ತೀರ್ಪು ಕೊಟ್ಟಿತು.

1960ರಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಈ ಕತೆಯನ್ನು ಮತ್ತೆ ಎತ್ತಿಕೊಂಡರು. ಮುಂದೆ 1991ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹೇಳಿದ್ದು ಹೀಗೆ. ಸದ್ದು ಒಂದೇ ಕಡೆಯಿಂದ ಬರಬಹುದು, ಆದರೆ ತೊಂದರೆ ಎರಡೂ ಕಡೆಯದ್ದು. ಒರಳು ನಿಂತರೆ ಒಬ್ಬನಿಗೆ ನಷ್ಟ, ನಿಲ್ಲದಿದ್ದರೆ ಇನ್ನೊಬ್ಬರಿಗೆ ನಷ್ಟ. ಮಾತುಕತೆಗೆ ಏನೂ ಖರ್ಚಿಲ್ಲ ಎಂದಾದರೆ ತೀರ್ಪು ಯಾರ ಪರ ಬಂದರೂ ಇಬ್ಬರೂ ಕೂತು ಒಂದು ದಾರಿ ಕಂಡುಕೊಳ್ಳುತ್ತಾರೆ. ನಿಜವಾದ ಬದುಕಿನಲ್ಲಿ ಮಾತುಕತೆಗೆ ಖರ್ಚಿದೆ. ಸಮಯ ಬೇಕು, ಧೈರ್ಯ ಬೇಕು, ಹತ್ತು ಜನರನ್ನು ಒಂದೇ ಕಡೆ ಕೂರಿಸಬೇಕು. ಎರಡೂ ಕಡೆಯವರು ನಂಬುವ ಒಬ್ಬರಿದ್ದರೆ ಆ ಖರ್ಚು ಎಷ್ಟೋ ಇಳಿಯುತ್ತದೆ. ನಿಮ್ಮ ಬೀದಿಯಲ್ಲಿ ಆ ಒಬ್ಬರು ನೀವೇ. ಯಾರ ಪರ ಎನ್ನುವುದಕ್ಕಿಂತ ಈ ಕೆಲಸ ನಿಮ್ಮಿಂದ ಆಗಬೇಕು ಅಂತ ನನ್ನ ಆಸೆ.

ಕೂರಿಸಿದ ಮೇಲೆ ಭಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. "ಯಂತ್ರ ಎರಡು ಪಟ್ಟು, ಸದ್ದೂ ಎರಡು ಪಟ್ಟು" ಎನ್ನುವ ಮಾತು ಖಂಡಿತ ಬರುತ್ತದೆ. ಲೆಕ್ಕ ಹಾಗಿಲ್ಲ. ಒಂದು ಯಂತ್ರದ ಪಕ್ಕ ಅಂಥದ್ದೇ ಇನ್ನೊಂದನ್ನು ಓಡಿಸಿದರೆ ಸದ್ದು ಏರುವುದು ಸುಮಾರು 3 ಡೆಸಿಬೆಲ್ (ಸದ್ದು ಅಳೆಯುವ ಮಾನ). ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಆದರೆ ಇದನ್ನು ಹಿಡಿದು ಮಾಲೀಕರು ನಿರಾಳವಾಗುವಂತೆಯೂ ಇಲ್ಲ. ಹಗಲು ತಡೆದುಕೊಳ್ಳುವ ಸದ್ದನ್ನೇ ರಾತ್ರಿ ತಡೆಯಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ರಾತ್ರಿ ಹೊತ್ತು ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬೆಲ್ ಮೀರಬಾರದು ಎಂದಿದೆ. ಮರ ಕೊಯ್ಯುವ ಯಂತ್ರ ಓಡುವ ಕಡೆ ಅದು ಬಹಳ ಕಷ್ಟದ ಗುರಿ. ಅಂದರೆ ನೀವು ಎಣಿಸಬೇಕಾದದ್ದು ಯಂತ್ರಗಳನ್ನಲ್ಲ, ಗಂಟೆಗಳನ್ನು. ಹಗಲು ಹೆಚ್ಚು ಯಂತ್ರ ಓಡಲಿ, ರಾತ್ರಿ ಒಂದೂ ಬೇಡ ಎನ್ನುವ ಒಪ್ಪಂದ ಎಷ್ಟೋ ಸಲ ಎರಡೂ ಕಡೆಗೆ ಹೊಂದುತ್ತದೆ.

ದೂಳಿನ ವಿಷಯದಲ್ಲಿ ಮಾತ್ರ ನಾನು ಇಷ್ಟು ಮೆತ್ತಗೆ ಮಾತಾಡಲಾರೆ. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಷ್ಟು ಹಿಂದೆಯೇ ಹೇಳಿದೆ. ಅದನ್ನು ಎಲ್ಲರಿಗಿಂತ ಜಾಸ್ತಿ ಉಸಿರಾಡುವವರು ಪಕ್ಕದ ಮನೆಯವರಲ್ಲ, ಒಳಗೆ ಕೆಲಸ ಮಾಡುವವರು. ನೀವು ಹೇಳಿದ ಹುಡುಗರು. ಕೆಲಸ ಸಿಗುತ್ತದೆ ಎನ್ನುವ ಸಂತೋಷದಲ್ಲಿ ಅವರು ಇದನ್ನು ಕೇಳುವುದಿಲ್ಲ, ನೀವು ಕೇಳಿ. ದೂಳು ಹೀರುವ ವ್ಯವಸ್ಥೆಯನ್ನು ಯಾವುದಕ್ಕೂ ಬದಲಾಗಿ ಬಿಟ್ಟುಕೊಡಬಾರದು. ಈ ಒಂದು ವಿಷಯದಲ್ಲಿ ದಂಪತಿ ಮತ್ತು ಹುಡುಗರು ಒಂದೇ ಕಡೆ ಇದ್ದಾರೆ. ಅವರಿಗೆ ಅದು ಇನ್ನೂ ಗೊತ್ತಿಲ್ಲ ಅಷ್ಟೇ. ಹಾಗೆಯೇ ಎಷ್ಟು ಕೆಲಸ, ಯಾವ ಕೆಲಸ, ಕಾಯಂ ಕೆಲಸವಾ, ಕಲಿಸುವವರು ಯಾರು ಎಂದೂ ಕೇಳಿ. ಹೊಸ ಯಂತ್ರ ಬಂದರೆ ಕೆಲಸ ಹೆಚ್ಚೇ ಆಗುತ್ತದೆ ಎಂದೇನಿಲ್ಲ.

ಇನ್ನು ಬಡಗಿಗಳು. ಇಲ್ಲಿ ನನ್ನ ಅಭಿಪ್ರಾಯ ನಿಮಗೆ ಕಟುವಾಗಿ ಕಾಣಬಹುದು. ಪೈಪೋಟಿಯಿಂದ ಆಗುವ ನಷ್ಟವನ್ನೂ ನಿದ್ದೆ, ಉಸಿರು ಕೆಡುವ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಒಬ್ಬರು ಬೆಳೆಯಬಾರದು ಎಂದು ತಡೆಯುವ ಹಕ್ಕು ಇನ್ನೊಬ್ಬ ವ್ಯಾಪಾರಿಗೆ ಇರಬಾರದು. ಆದರೆ ದೊಡ್ಡ ಕಾರ್ಖಾನೆಗೆ ದುರಸ್ತಿ, ಸಣ್ಣ ಬಿಡಿ ಕೆಲಸ ಅಷ್ಟಾಗಿ ಹಿಡಿಸುವುದಿಲ್ಲ. ಅದನ್ನು ಈ ಇಬ್ಬರಿಗೆ ಕಳಿಸಿಕೊಡಬಹುದಲ್ವಾ? ಕೇಳಿದರೆ ತಪ್ಪಿಲ್ಲ.

ಒಂದು ಸಂಸ್ಥೆ ಯಾರ ಮೇಲೆ ಪರಿಣಾಮ ಬೀರುತ್ತದೋ, ಯಾರು ಅದರ ಮೇಲೆ ಪರಿಣಾಮ ಬೀರುತ್ತಾರೋ ಅವರೆಲ್ಲ ಅದರಲ್ಲಿ ಪಾಲುಳ್ಳವರು ಎಂದು ವ್ಯಾಪಾರ ನಿರ್ವಹಣೆಯ ವಿದ್ವಾಂಸ ಎಡ್ವರ್ಡ್ ಫ್ರೀಮನ್ 1984ರಲ್ಲಿ ಹೇಳಿದರು. 1997ರಲ್ಲಿ ಮೂವರು ವಿದ್ವಾಂಸರು ಇನ್ನೂ ಮುಂದೆ ಹೋಗಿ, ವ್ಯಾಪಾರ ನಡೆಸುವವರ ಗಮನ ಯಾರ ಕಡೆ ಹೋಗುತ್ತದೆ ಎಂದು ವಿಚಾರ ಮಾಡಿದರು. ಅವರು ಗುರುತಿಸಿದ್ದು ಮೂರು: ಬಲ, ನ್ಯಾಯವಾದ ಹಕ್ಕು, ತುರ್ತು. ನಿಮ್ಮ ಬೀದಿಯಲ್ಲಿ ಇಟ್ಟು ನೋಡಿ. ಸಾಲ ಕೊಡುವ ಬ್ಯಾಂಕಿಗೆ ಬಲ ಇದೆ. ಅದು ಸಭೆಗೆ ಬರದಿದ್ದರೂ ಅದರ ಮಾತು ನಡೆಯುತ್ತದೆ. ಆ ದಂಪತಿಗೆ ಹಕ್ಕೂ ಇದೆ, ತುರ್ತೂ ಇದೆ, ಬಲ ಮಾತ್ರ ಇಲ್ಲ. ಲಾಭ ಇಡೀ ಬೀದಿಗೆ ಚೂರುಚೂರಾಗಿ ಹಂಚಿಹೋಗುತ್ತದೆ, ನಷ್ಟ ಬಂದು ಒಂದು ಗೋಡೆಯ ಮೇಲೆ ಬೀಳುತ್ತದೆ. ಕೈ ಎತ್ತಿಸಿ ಎಣಿಸಿದರೆ ಅವರು ಪ್ರತಿ ಸಲ ಸೋಲುತ್ತಾರೆ. ಬಹುಮತದ ಸಹಿಗಳನ್ನು ನಾನು ನಂಬದಿರುವುದು ಇದಕ್ಕೇ.

ಇನ್ನೊಂದು ಮಾತು ನನ್ನ ಮನೆಯದ್ದು. ಬಹಳ ಹಿಂದೆ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದು ಮುದ್ರಣಾಲಯ ದೊಡ್ಡದಾಯಿತು. ರಾತ್ರಿ ಹತ್ತರ ಮೇಲೆ ಓಡಿಸುವುದಿಲ್ಲ ಎಂದು ಮಾಲೀಕರು ಬಾಯಿಮಾತಿನಲ್ಲಿ ಹೇಳಿದ್ದರು, ಹಾಗೆಯೇ ನಡೆದುಕೊಂಡರು. ಎರಡು ವರ್ಷಕ್ಕೆ ಅದನ್ನು ಮಾರಿದರು. ಹೊಸಬರು "ನಾನೆಲ್ಲಿ ಹೇಳಿದ್ದೆ?" ಎಂದರು. ನನ್ನ ತಾಯಿ ಆಗ ಕಾಯಿಲೆ ಮಲಗಿದ್ದರು. ನಾವು ಮನೆ ಬಿಟ್ಟೆವು. ಆ ರಾತ್ರಿಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಅಮೆರಿಕದ ಮೊಂಟಾನಾದ ಸ್ಟಿಲ್‌ವಾಟರ್ ಗಣಿಯ ಉದಾಹರಣೆ ನನಗೆ ಇಷ್ಟ. ಗಣಿ ಬೆಳೆಯುತ್ತಾ ಹೋದಾಗ ಸುತ್ತಲಿನ ರೈತರು, ನಿವಾಸಿಗಳು ನೀರು ಮತ್ತು ವಾಹನಗಳ ಬಗ್ಗೆ ಚಿಂತೆಗೆ ಬಿದ್ದರು. 2000ದಲ್ಲಿ ಎರಡೂ ಕಡೆಯವರು ಒಳ್ಳೆಯ ನೆರೆಹೊರೆಯ ಒಪ್ಪಂದ ಎಂದು ಬರೆದು ಸಹಿ ಹಾಕಿದರು. ನೀರಿನ ಪರೀಕ್ಷೆ ಹೇಗೆ ನಡೆಯಬೇಕು, ವಾಹನಗಳು ಎಷ್ಟು ಓಡಾಡಬೇಕು ಎಂದೆಲ್ಲ ಅದರಲ್ಲಿದೆ. ರಸ್ತೆಯಲ್ಲಿ ಕಾರು ಕಡಿಮೆಯಾಗಲಿ ಎಂದು ಕೆಲಸಗಾರರಿಗೆ ಬಸ್ಸು ಓಡಿಸುವ ಏರ್ಪಾಡೂ ಆಯಿತು. 2017ರಲ್ಲಿ ಗಣಿ ಬೇರೆ ಕಂಪನಿಯ ಕೈಗೆ ಹೋಯಿತು. ಒಪ್ಪಂದ ಉಳಿಯಿತು.

ನಿಮ್ಮದು ಗಣಿಯಲ್ಲ, ಎರಡು ಪುಟ ಸಾಕು. ಯಂತ್ರ ಓಡುವ ಗಂಟೆ, ಲಾರಿ ಬರುವ ಗಂಟೆ, ದೂಳು ಹೀರುವ ವ್ಯವಸ್ಥೆ, ಸದ್ದು ಅಳೆಯುವ ಜಾಗ, ತಪ್ಪಿದರೆ ಯಾರು ಏನು ಮಾಡಬೇಕು, ಮಾರಿದರೆ ಮುಂದಿನವರಿಗೂ ಇದು ಅನ್ವಯ. ಆಮೇಲೆ ವಿಸ್ತರಣೆಯನ್ನು ಎರಡು ಹಂತ ಮಾಡಲು ಕೇಳಿ. ಅರ್ಧ ಯಂತ್ರಗಳು ಬರಲಿ, ಆರು ತಿಂಗಳು ಓಡಲಿ, ಅಳೆದು ನೋಡಿ, ಉಳಿದರ್ಧ ಆಮೇಲೆ. ಮಾಲೀಕರ ಸಾಲಕ್ಕೂ ಇದು ಹಗುರ.

ಈ ವಾರ ಆ ದಂಪತಿಯ ಮನೆಗೆ ಒಬ್ಬರೇ ಹೋಗಿ ಬನ್ನಿ. ಒಪ್ಪಿಗೆ ಪತ್ರ ತೆಗೆದುಕೊಂಡು ಹೋಗಬೇಡಿ. ರಾತ್ರಿ ಯಾವ ಕೋಣೆಯಲ್ಲಿ ಮಲಗುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು, ನೇರವಾಗಿ ಮಾಲೀಕರ ಹತ್ತಿರ ಹೋಗಿ, ನಕ್ಷೆಯ ಮೇಲೆ ಆ ಕೋಣೆ ಎಲ್ಲಿದೆ ತೋರಿಸಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.